ಟೈಮರಿಗೆ ಸಿಗದ ಅಳು

ನನ್ನ ಗಂಡ ಕುಮಟೆಯ ನಮ್ಮ ಬಾಡಿಗೆ ಮನೆಯ ಮೂಲೆಕೋಣೆಯಲ್ಲಿ ಕೂತು ಆಪರೇಟಿಂಗ್ ಸಿಸ್ಟಂ ಕರ್ನೆಲ್ಲಿಗೆ ಕೋಡ್ ಬರೆಯುತ್ತಾರೆ. ಕರ್ನೆಲ್ ಎಂದರೆ ಕಂಪ್ಯೂಟರಿನೊಳಗೆ ಎಲ್ಲರಿಗೂ ಕೆಲಸ ಹಂಚುವ ಯಜಮಾನ. ಚಿಪ್ಪಿನೊಳಗೆ ಸಣ್ಣ ಸಣ್ಣ ಕೌಂಟರುಗಳಿರುತ್ತವಂತೆ. ಎಷ್ಟು ಕೆಲಸ ಆಯಿತು, ಬೇಕಾದದ್ದು ಕೈಗೆ ಸಿಗದೆ ಎಷ್ಟು ಸಲ ಕಾಯಬೇಕಾಯಿತು ಎಂದು ಅವು ಎಣಿಸುತ್ತಲೇ ಇರುತ್ತವೆ. ಒಳ್ಳೆಯ ಚಿಪ್ಪಾದರೆ ಎಣಿಕೆ ತುಂಬಿದಾಗ ತಾನೇ ಕೂಗುತ್ತದೆ, ಕುಕ್ಕರಿನ ಹಾಗೆ. ಇವರಿಗೆ ಗಂಟುಬಿದ್ದದ್ದು ಕೂಗದ ಅಗ್ಗದ ಚಿಪ್ಪು. ಹಾಗಾಗಿ ಒಂದು ಟೈಮರ್ ಇಟ್ಟು, ಅದು ಬಡಿದಾಗಲೆಲ್ಲ ಕರ್ನೆಲ್ಲೇ ಹೋಗಿ ಕೌಂಟರ್ ಓದಿ, ಆ ಗಳಿಗೆಯಲ್ಲಿ ಯಾವ ಕೆಲಸ ನಡೆದಿತ್ತು ಎಂದು ಗುರುತು ಹಾಕಿಕೊಂಡು ಬರಬೇಕು. ಈ ಕೋಡನ್ನು ಇವರು ಮುದ್ದು ಮಾಡುವುದು ನೋಡಿ "ಹೆತ್ತವರಿಗೆ ಹೆಗ್ಗಣ ಮುದ್ದು" ಎಂದು ಕಾಲೆಳೆಯುತ್ತಿದ್ದೆ. ಈಗ ಆ ಗಾದೆ ನನ್ನ ಬಾಯಿಗೆ ಬರುವುದಿಲ್ಲ.

ನಮ್ಮ ಮಗು ಹೊಟ್ಟೆಯಲ್ಲೇ ಹೋಯಿತು. ದಿನ ತುಂಬುತ್ತ ಬಂದಿತ್ತು. ಹೆಣ್ಣು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನನಗೆ ಹೆರಿಗೆ ರಜೆ ಮಂಜೂರಾಗಿತ್ತು. ರಜೆ ಉಳಿಯಿತು, ಮಗು ಉಳಿಯಲಿಲ್ಲ. ಹೊನ್ನಾವರದಿಂದ ನೆಂಟರು ಬಂದು, "ಇಡಗುಂಜಿ ದೇವರಿಗೆ ಒಂದು ಹರಕೆ ಹೇಳ್ಕಳ್ಳೇ, ಮುಂದಿಂದು ಚಲೋ ಆಗ್ತದೆ" ಎಂದರು. ಮುಂದಿನದಂತೆ! ಕೈಜಾರಿ ಒಡೆದ ಲೋಟವೇ ಅದು, ಇನ್ನೊಂದು ತಂದರಾಯಿತು ಎನ್ನಲು? ನನಗೆ ಬೇಕಾಗಿದ್ದದ್ದು ಒಂದೇ. ಗಂಡ ಒಮ್ಮೆ ನನ್ನ ಪಕ್ಕ ಕೂತು ಅಳಬೇಕಿತ್ತು. ಮಗು ನನ್ನೊಬ್ಬಳದಾಗಿರಲಿಲ್ಲ.

ಅವರು ಅಳಲಿಲ್ಲ. ಕೆಲಸಕ್ಕೆ ಕೂತರೆ ಲೋಕ ಮರೆಯುವ ಮನುಷ್ಯ, ನನ್ನನ್ನು ಮರೆಯಬಾರದೆಂದು ಫೋನಿನಲ್ಲಿ ಅಲಾರಾಂ ಇಟ್ಟರು. ಗಂಟೆಗೊಮ್ಮೆ ಅದು ಹೊಡೆದುಕೊಳ್ಳುವುದು, ಕುರ್ಚಿ ಸರಿಯುವುದು, ಇವರು ಬಂದು ಕೇಳುವುದು.

"ಆರಾಮನೇ?"

"ಆರಾಮ."

"ಎಂತಾರೂ ಬೇಕಾ?"

"ಎಂತೂ ಬೇಡ."

"ಆತು."

ಅಲಾರಾಂ ಹಿತ್ತಿಲಿಗೂ ಕೇಳುತ್ತಿತ್ತು. ಬಾವಿಕಟ್ಟೆಯ ಹತ್ತಿರ ಅಳುತ್ತ ಕೂತವಳು ದಡಬಡಿಸಿ ಎದ್ದು, ಮುಖಕ್ಕೆ ನೀರು ಹಾಕಿ, ವೇಲಿನಲ್ಲಿ ಒರೆಸಿಕೊಂಡು, ಒಣಗಿದ ಬಟ್ಟೆ ಮಡಚುತ್ತ ನಿಲ್ಲುತ್ತಿದ್ದೆ. ಕಲ್ಲುಗುಂಡಿನ ಹಾಗಿದ್ದೇನೆ ಎಂದು ತೋರಿಸುವ ಹಟವೂ ಇತ್ತೆನ್ನಿ. ಅವರು ನೋಡಿ ಹೋಗುತ್ತಿದ್ದರು, ನಾನು ಮತ್ತೆ ಕಟ್ಟೆಗೆ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ಬಹಳ ಉಮೇದಿಯಲ್ಲಿದ್ದರು. "ಕಳ್ಳ ಸಿಕ್ಕಿದ ಮಾರಾಯ್ತಿ!" ಎಂದರು. ಅವರ ಟೈಮರ್ ಹೋಗಿ ನೋಡಿದಾಗಲೆಲ್ಲ ಚಿಪ್ಪು ಸುಮ್ಮನೆ ಕೂತಿರುತ್ತಿತ್ತಂತೆ. ಕೌಂಟರಿನ ಎಣಿಕೆ ಮಾತ್ರ ಏರಿರುತ್ತಿತ್ತು. ಮಾಡಿದವರು ಯಾರು ಎಂದರೆ ಯಾರೂ ಇಲ್ಲ.

"ಆ ಕಳ್ಳ ಕೆಲಸನೂ ಅದೇ ಟೈಮರಿಗೇ ಏಳೂದು. ಎದ್ದು, ಮಾಡಿ ಮುಗ್ಸಿ, ನಾವು ಮತ್ತೆ ನೋಡೂದ್ರೊಳಗೆ ಮಲಗ್ತದೆ. ನಾವು ಬರೂ ಹೊತ್ತು ಗೊತ್ತಿದ್ರೆ ಸಿಕ್ಕಿಬೀಳೂದು ಹೆಂಗೆ? ಇನ್ನು ಹೇಳ್ದೆ ಕೇಳ್ದೆ ಹೋಗಿ ನೋಡೂದು."

ಸಾರಿನ ಸೌಟು ನನ್ನ ಕೈಯಲ್ಲೇ ನಿಂತಿತು. ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

"ಚಿಪ್ಪಿನ ಹತ್ರ ಹೇಳ್ದೆ ಕೇಳ್ದೆ ಹೋಗ್ತ್ರಾ? ನನ್ನ ಹತ್ರ ಬರೂಕೆ ಮಾತ್ರ ಅಲಾರಾಂ ಬೇಕಾ? ಅದು ಕೂಗಿದ ಕೂಡ್ಲೆ ನಾ ಮುಖ ತೊಳ್ಕಳ್ತೆ. ಇಷ್ಟು ದಿನ ನೀವು ನೋಡಿದ್ದು ತೊಳ್ದ ಮುಖ! ಅಲ್ಲಿನ ಕಳ್ಳ ಸಿಗ್ತಾನೆ, ಮನೆ ಹಿಂದಿನ ಅಳು ಸಿಗೂದಿಲ್ಲ ನಿಮಗೆ!"

ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದೆ. ಅವರು ಬಟ್ಟಲು ನೋಡುತ್ತ, "ಗೊತ್ತಿತ್ತು" ಎಂದರು.

"ಎಂತ ಗೊತ್ತಿತ್ತು?"

"ನೀ ಅಳೂದು. ಕೋಣೆ ಕಿಟಕಿಗೆ ಕೇಳ್ತದೆ. ಅದಕ್ಕೇ ಅಲಾರಾಂ ಜೋರು ಇಟ್ಟದ್ದು. ನಾ ಬರೂದ್ರೊಳಗೆ ನೀ ಸುಮ್ಮನಾಗ್ಲಿ ಅಂತ. ನೀ ಅಳೂದು ಕಣ್ಣಾರೆ ನೋಡಿದ್ರೆ ನನ್ನ ಹತ್ರ ತಡ್ಕಳೂಕೆ ಆಗೂದಿಲ್ಲ."

ಚಿಪ್ಪಿನಲ್ಲಿ ಅಡಗಿದ ಒಂದು ಕ್ಷಣಕ್ಕಾಗಿ ಊಟ ನಿದ್ದೆ ಬಿಡುವ ಮನುಷ್ಯ, ನಾನು ಅಡಗಿಕೊಳ್ಳಲಿ ಎಂದೇ ಗಂಟೆ ಬಾರಿಸುತ್ತಿದ್ದರು. ಸೌಟು ಎಸೆಯುವಷ್ಟು ಸಿಟ್ಟು ಬಂತು, ದೇವರಾಣೆ. ಆದರೆ ಅವರು ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸುತ್ತಿದ್ದರು.

"ತಡ್ಕಳೂಕೆ ನನ್ನ ಹತ್ರನೂ ಆಗೂದಿಲ್ಲ" ಎಂದೆ. "ತಡ್ಕಳೂದು ಎಂತಕ್ಕೆ?"

ಅವರು ಬಟ್ಟಲು ಬದಿಗೆ ಸರಿಸಿದರು. ಆಮೇಲೆ, "ನಾ ಅವಳಿಗೆ ಹೆಸರು ಹುಡುಕಿಟ್ಟಿದ್ದೆ" ಎಂದು ಆ ಹೆಸರು ಹೇಳಿದರು. ಹೇಳಿದ್ದೇ ಎಂಜಲು ಕೈ ಮುಖಕ್ಕೆ ಒತ್ತಿಕೊಂಡು ಹೋ ಎಂದು ಅತ್ತುಬಿಟ್ಟರು.

ಹೊಟ್ಟೆಯ ಮೇಲೆ ಕೈಯಿಟ್ಟು ನಾನು ತಿಂಗಳುಗಟ್ಟಲೆ ಕರೆದದ್ದು ಬೇರೆ ಹೆಸರು. ಅದನ್ನು ಅವರಿಗೆ ಇವತ್ತಿಗೂ ಹೇಳಿಲ್ಲ. ಅವರು ಹುಡುಕಿದ ಹೆಸರೊಂದೇ ಅಪ್ಪ ಮಗಳಿಗೆ ಕೊಟ್ಟದ್ದು. ಅವತ್ತು ಅವರ ಪಕ್ಕ ನೆಲಕ್ಕೆ ಕೂತು, ಅವರಿಟ್ಟ ಹೆಸರನ್ನೇ ಕರೆಯುತ್ತ ನಾನೂ ಅತ್ತೆ.