ಬಾಯಮ್ಮನ ಪೆಟ್ಟು

ಟಿವಿಗೆ ಪೆಟ್ಟು ಕೊಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಉಡುಪಿಯಲ್ಲಿ ನನ್ನದು ರಿಪೇರಿ ಅಂಗಡಿ. ಹೊಡೆದು ಹಾಳು ಮಾಡಿ ತರುವವರೇ ಹೆಚ್ಚು. ಎಂಬತ್ತರ ದಶಕದ ಕೊನೆಗೆ ಮಣಿಪಾಲದಲ್ಲಿ ಒಬ್ಬರು ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದರು. ದುಬೈ ಬಿಟ್ಟು ಬಂದ ಕ್ರಿಶ್ಚಿಯನ್ನರು, ನಾವು ಪೊರ್ಬುಗಳು ಎನ್ನುತ್ತಿದ್ದೆವು. ಅವರು ಕರೆದರೆಂದು ಹೋದರೆ, ಅವರ ಹೆಂಡತಿ, ನಮ್ಮ ಬಾಯಲ್ಲಿ ಬಾಯಮ್ಮ, ಟಿವಿಯಂಥದೇ ಪರದೆಯ ಆಟದ ಯಂತ್ರದ ಪಕ್ಕೆಗೆ ಬಾರಿಸುತ್ತಾ ನಿಂತಿದ್ದಾರೆ!

"ಬಾಯಮ್ಮ, ಅದೆಂತ ದನವಾ ಹೊಡೆಯಲಿಕ್ಕೆ?" ಎಂದು ರೇಗಿದೆ.

"ಹೊಡೆಯದಿದ್ರೆ ಚಿತ್ರ ಬರುವುದಿಲ್ಲ ಮಾರಾಯ್ರೆ. ನೀವೇ ನೋಡಿ."

ಹೌದು, ಪರದೆಯ ಚಿತ್ರವೆಲ್ಲ ಕುಗ್ಗಿ ನಡುವೆ ಒಂದು ಬಿಳಿ ಗೆರೆ ಮಾತ್ರ ಉಳಿದಿತ್ತು. ಪೆಟ್ಟು ಬಿದ್ದರೆ ಅರಳುವುದು, ಸ್ವಲ್ಪ ಹೊತ್ತಿಗೆ ಮತ್ತೆ ಗೆರೆ. ಬೊಂಬಾಯಿಯಿಂದ ತಂದ ಹಳೆಯ ಯಂತ್ರ. ಕಾಲೇಜು ಮಕ್ಕಳು ಬೇಸತ್ತು ಬರುವುದನ್ನೇ ಬಿಟ್ಟಿದ್ದರು.

"ಇದು ಸರಿಯಾಗದಿದ್ರೆ ನಾನು ಪುನಃ ಗಲ್ಫಿಗೇ," ಎಂದರು ಪೊರ್ಬುಗಳು. ಬಾಯಮ್ಮ ಮುಖ ತಿರುಗಿಸಿದರು. ಮದುವೆಯಾದ ಮೇಲೆ ಗಂಡ ಊರಲ್ಲಿ ನಿಂತದ್ದು ಇದೇ ಮೊದಲಂತೆ. ನನಗೂ ಸಂಕಟವಾಯಿತು.

ರೋಗ ಯಾವುದೆಂದು ಗೊತ್ತಿತ್ತು: ಡ್ರೈ ಸೋಲ್ಡರ್. ಎಲ್ಲೋ ಒಂದು ಬೆಸುಗೆ ಬಿರುಕು ಬಿಟ್ಟಿದೆ, ಅಲುಗಿದಾಗ ಮಾತ್ರ ತಾಗುತ್ತದೆ. ಆದರೆ ಎಲ್ಲಿ? ಬಾಯಮ್ಮನ ಮನೆಯ ಮರದ ಸೌಟು ತರಿಸಿ, ಅದರ ಹಿಡಿಯಿಂದ ಯಂತ್ರದೊಳಗಿನ ಬೋರ್ಡನ್ನು ಮೆಲ್ಲಗೆ ಕುಟ್ಟುತ್ತಾ ಹೋದೆ. ಅನುಮಾನ ಬಂದಲ್ಲೆಲ್ಲ ಹೊಸ ಬೆಸುಗೆ ಹಾಕಿದೆ. ಮುಚ್ಚಿ ಸ್ವಿಚ್ ಹಾಕಿದರೆ ಅದೇ ದರಿದ್ರ ಗೆರೆ! ಸೌಟನ್ನು ಬಿಸಾಡುವಷ್ಟು ಸಿಟ್ಟು ಬಂತು.

ಕೊನೆಗೆ ಸೋತು ಕೇಳಿದೆ, "ಬಾಯಮ್ಮ, ನೀವು ಹೊಡೆಯುವುದು ಎಲ್ಲಿಗೆ?"

"ಎಡಬದಿ, ಕೆಳಗೆ. ಬೇರೆ ಕಡೆ ಹೊಡೆದ್ರೆ ಅದು ಕ್ಯಾರೇ ಅನ್ನುವುದಿಲ್ಲ."

ಮತ್ತೆ ಬಿಚ್ಚಿ ಎಡಬದಿಯ ಧೂಳು ಒರೆಸಿದೆ. ಪಿಕ್ಚರ್ ಟ್ಯೂಬಿನ ವಯರುಗಳು ಬಂದು ಸೇರುವ ಪ್ಲಗ್ಗು ಅಲ್ಲೇ ಮೂಲೆಯಲ್ಲಿತ್ತು. ಬೋರ್ಡಿಗೆ ಬೆಸೆದ ಅದರ ಒಂದು ಕಾಲಿನ ಸುತ್ತ ಕೂದಲೆಳೆಯಷ್ಟು ಬಿರುಕು. ಅಬ್ಬಾ, ಸಿಕ್ಕಿದೆಯಲ್ಲ ಕಳ್ಳ! ಹಳೆಯ ಸೀಸ ತೆಗೆದು, ಕಾಲು ಕೆರೆದು, ಗಟ್ಟಿಯಾಗಿ ಬೆಸೆದೆ. ಚಿತ್ರ ಪರದೆ ತುಂಬ ಬಂತು.

ಬಾಯಮ್ಮನಿಗೆ ನಂಬಿಕೆಯಿಲ್ಲ. ಗೆರೆಯಾಗುವುದನ್ನೇ ಕಾಯುತ್ತಾ ಕೈ ಎತ್ತಿಕೊಂಡೇ ನಿಂತಿದ್ದರು. ನನಗೆ ನಗು ತಡೆಯಲಾಗಲಿಲ್ಲ.

"ಹೊಡೀರಿ ಬಾಯಮ್ಮ, ನಾನೇ ಹೇಳ್ತಿದ್ದೇನೆ. ಕೈ ಬೀಸಿ ಹೊಡೀರಿ!"

ಹೊಡೆದರು. ಚಿತ್ರ ಅಲುಗಲಿಲ್ಲ. ಇನ್ನೊಮ್ಮೆ ಹೊಡೆದರು. ಊಹೂಂ. ಆಮೇಲೆ ತಿರುಗಿ ಅದೇ ಕೈಯಲ್ಲಿ ಗಂಡನ ಬೆನ್ನಿಗೆ ಒಂದು ಕೊಟ್ಟರು.

"ಇನ್ನು ಎಲ್ಲಿಗೆ ಹೋಗ್ತೀರಿ, ನೋಡುವ!"

"ಎಲ್ಲಿಗೂ ಇಲ್ಲ ಮಾರಾಯ್ತಿ," ಎಂದರು ಪೊರ್ಬುಗಳು, ಬೆನ್ನು ಉಜ್ಜಿಕೊಳ್ಳುತ್ತಾ.