ಉಪ್ಪಿನ ಜಾಗದಲ್ಲಿ ಒಂದನೇ ಕ್ಯಾಪು

"ತಂಗೀ, ನಿಮ್ಮನೇಲಿ ಇನ್ನೊಂದು ದೋಸೆ ಕಾವಲಿ ಇದ್ದ?"

ಬೆಳಿಗ್ಗೆ ಬೆಳಿಗ್ಗೆ ಅಕ್ಕನ ಫೋನು. ಯಾಕೆ, ನಿಮ್ಮನೆ ಕಾವಲಿಗೆ ಏನಾಯಿತು ಎಂದೆ.

"ಎಂತ ಆಗವು? ಅದರ ಮೇಲೆ ನಿನ್ ಭಾವ ಪಿಸ್ಟನ್ನು ಕೂರ್ಸಿದ್ದ. ಇನ್ನು ನಮ್ಮನೇಲಿ ದೋಸೆ ಹೊಯ್ಯವು ಅಂದ್ರೆ ಎಂಜಿನ್ನಿನ ಪರ್ಮಿಶನ್ ತಗಳವು!"

ನಗಬೇಕೋ, ಕಾವಲಿ ಹಿಡಿದು ಓಡಬೇಕೋ? ಎರಡನ್ನೂ ಮಾಡಿದೆ. ಅಕ್ಕನ ಮನೆ ಶಿರಸಿ ಪೇಟೆಯಲ್ಲೇ, ನಮ್ಮ ಬೀದಿಯಿಂದ ಎರಡು ತಿರುವು ಆಚೆ. ಹೋಗಿ ನೋಡಿದರೆ ಹೌದು, ಅಡುಗೆ ಕಟ್ಟೆಯ ಮೂಲೆಯಲ್ಲಿ, ಎಣ್ಣೆ ಹಚ್ಚಿಸಿಕೊಂಡು ಮಿರಿಮಿರಿ ಮಿಂಚುವ ನಾಲ್ಕು ಪಿಸ್ಟನ್‌ಗಳು ಕಾವಲಿಯ ಮೇಲೆ ಗಂಭೀರವಾಗಿ ಕೂತಿದ್ದವು.

"ಧೂಳು ತಾಗದೇ ಇಪ್ಪ ಜಾಗ ಈ ಮನೇಲಿ ಇದೊಂದೇಯ" ಎಂದರು ಭಾವ. ಅಕ್ಕನ ಅಡುಗೆಮನೆಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೆ? (ಅಕ್ಕನಿಗೆ ಹಾಗೆ ಅನ್ನಿಸಲಿಲ್ಲ.)

ಶ್ರೀಪಾದ ಭಾವನ ಪರಿಚಯ ಹೇಳಿಬಿಡುತ್ತೇನೆ. ಅವರು ಮೆಕ್ಯಾನಿಕ್ ಅಲ್ಲ. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವರು. ಎಳ್ಳಿನಷ್ಟು ಸಣ್ಣ ಸ್ಕ್ರೂವನ್ನು ಬೆರಳ ತುದಿಯಲ್ಲಿ ಹಿಡಿದು, ಗಿರಾಕಿಯ ಮಾತಿಗೆ ಹೂಂಗುಡುತ್ತಲೇ ಫ್ರೇಮಿಗೆ ಕೂರಿಸುವವರು. ಕಾರಿಗೂ ಅವರಿಗೂ ಇದ್ದ ಸಂಬಂಧವೆಂದರೆ ಮನೆಯ ಹಳೇ ವ್ಯಾನಿನ ಪ್ಲಗ್ ತಾವೇ ಕ್ಲೀನ್ ಮಾಡಿಕೊಳ್ಳುತ್ತಿದ್ದರು, ಅಷ್ಟೇ.

ಆದರೆ ಒಳಗೊಂದು ಆಸೆ ಇತ್ತು. ಮೂವತ್ತರ ಆಸುಪಾಸಿನಲ್ಲಿದ್ದಾಗ ಅಂಕೋಲೆಯಿಂದ ಯಲ್ಲಾಪುರಕ್ಕೆ ಬರುವ ಬಸ್ಸಿನಲ್ಲಿ ನಿಂತುಕೊಂಡು ಅರಬೈಲ್ ಘಟ್ಟ ಹತ್ತುತ್ತಿದ್ದರಂತೆ. ಬಸ್ಸು ಏದುಸಿರು ಬಿಡುತ್ತಿದ್ದಾಗ ಎರಡೇ ಸೀಟಿನ, ಟಾಪ್ ತೆಗೆದ ಪುಟ್ಟ ಕೆಂಪು ಕಾರೊಂದು ಪಕ್ಕದಿಂದ ಭರ್ರನೆ ದಾಟಿಹೋಯಿತಂತೆ. ಅದು ಗೋವಾದಲ್ಲಿ ಒಂದು ಕಾಲಕ್ಕೆ ತಯಾರಾಗುತ್ತಿದ್ದ ಸ್ಪೋರ್ಟ್ಸ್ ಕಾರು ಎಂದು ಆಮೇಲೆ ಗೊತ್ತಾಯಿತು. ಆ ಘಟ್ಟವನ್ನು ಅಂಥದೇ ಕಾರಿನಲ್ಲಿ ಹತ್ತಬೇಕು. ಇಷ್ಟೇ ಆಸೆ. ನಮ್ಮಲ್ಲಿ ಎಷ್ಟು ಮಂದಿಗೆ ಬಸ್ಸಿನ ಕಿಟಕಿಯಲ್ಲಿ ಕಂಡದ್ದು ಐವತ್ತೈದು ದಾಟಿದ ಮೇಲೂ ನೆನಪಿರುತ್ತದೆ?

ಅಂಥದೊಂದು ಕಾರು ಯಲ್ಲಾಪುರದ ಪರಿಚಯದವರ ಕೊಟ್ಟಿಗೆಯಲ್ಲಿ ಸಿಕ್ಕಿತು. ಸೀಟಿನ ಮೇಲೆ ಬೆಕ್ಕು ಮರಿ ಹಾಕಿತ್ತು. ಎಂಜಿನ್ ಪೂರ್ತಿ ಜಾಮ್. ಟೆಂಪೋದಲ್ಲಿ ಹೇರಿಕೊಂಡು ಬಂದು ಮನೆ ಪಕ್ಕದ ಶೆಡ್ಡಿಗೆ ಇಳಿಸಿದ ದಿನ ಅಕ್ಕ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಎರಡೇ ಸೀಟಲ್ದಾ? ಒಂದು ನಿಂಗಕ್ಕೆ, ಮತ್ತೊಂದು ಪಾನಾ ಪೆಟ್ಟಿಗೆಗೆ. ಆನು ಬಸ್ಸಿಗೆ ಬತ್ತೆ, ಅಡ್ಡಿಲ್ಲೆ."

ನೆಂಟರೆಲ್ಲ ನಕ್ಕರು. ಭಾವನೂ ನಕ್ಕರು. ನಕ್ಕು, ಮರುದಿನ ಅಂಗಡಿಯಿಂದ ಬಂದವರೇ ಎಂಜಿನ್ ಬಿಚ್ಚಲು ಕೂತರು.

ಯಾರ ಹತ್ತಿರ ಕಲಿತರು? ಮೊಬೈಲಿನ ಹತ್ತಿರ. ಯಾವ್ಯಾವುದೋ ದೇಶದವರು ಯಾವ್ಯಾವುದೋ ಭಾಷೆಯಲ್ಲಿ ಎಂಜಿನ್ ಬಿಚ್ಚುವ ವಿಡಿಯೋಗಳು. ಮಾತು ತಿಳಿಯದಿದ್ದರೂ ಕೈ ತಿಳಿಯುತ್ತದೆ ಎನ್ನುವುದು ಅವರ ವಾದ. ತುಕ್ಕು ಹಿಡಿದ ಬೋಲ್ಟಿಗೆ ಸೀಮೆಎಣ್ಣೆ ಬಿಟ್ಟು, ಅದು ಸಡಿಲವಾಗುವವರೆಗೆ ಅದರ ತಂಟೆಗೇ ಹೋಗುತ್ತಿರಲಿಲ್ಲ. ಜೋರು ಮಾಡುವುದಿಲ್ಲ, ಬಯ್ಯುವುದಿಲ್ಲ, ಸುತ್ತಿಗೆ ಎತ್ತುವುದಿಲ್ಲ. ನಾನು ಉಪ್ಪಿನಕಾಯಿ ಜಾಡಿಯ ಮುಚ್ಚಳ ಬರದಿದ್ದರೆ ನೆಲಕ್ಕೆ ಕುಟ್ಟುವವಳು. ನನಗೆ ಇದನ್ನು ನೋಡುವುದೇ ಒಂದು ಪಾಠವಾಗಿತ್ತು.

ಎಲ್ಲ ಸುಸೂತ್ರ ಸಾಗುತ್ತಿತ್ತು. ಅಷ್ಟರಲ್ಲಿ ಅಕ್ಕನ ಮಗಳ ಮದುವೆ ನಿಶ್ಚಯವಾಯಿತು.

ಮದುವೆಗೇನೋ ಹಾಲ್ ಬುಕ್ ಮಾಡಿದರು. ಆದರೆ ಹಿಂದಿನ ದಿನದ ದೇವಕಾರ್ಯ, ಊಟ ಮನೆಯಲ್ಲೇ. ಅಡುಗೆ ಭಟ್ಟರು ಬಂದು ಮನೆ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಒಲೆ ಹೂಡ್ಲೆ ಈ ಶೆಡ್ಡೇ ಸೈ. ಬೇರೆ ಎಲ್ಲೂ ಆಗ್ತಿಲ್ಲೆ" ಎಂದು ತೀರ್ಪು ಕೊಟ್ಟರು. ಶೆಡ್ಡಿನ ತುಂಬ ಕಾರು. ಕಾರಿನ ಹೊಟ್ಟೆ ಖಾಲಿ, ಅದರ ಕರುಳೆಲ್ಲ ಬೆಂಚಿನ ಮೇಲೆ.

ಅಕ್ಕ ಗಡುವು ಹಾಕಿದಳು. ಭಟ್ಟರು ಒಲೆ ಹೂಡಲು ಬರುವ ದಿನದೊಳಗೆ ಕಾರು ತನ್ನ ಎಂಜಿನ್ನಿನ ಮೇಲೆ ತಾನೇ ಶೆಡ್ಡಿನಿಂದ ಹೊರಗೆ ಬರಬೇಕು. ಬರದಿದ್ದರೆ ಹುಬ್ಬಳ್ಳಿ ರಸ್ತೆಯ ಗುಜರಿ ಬಸಣ್ಣನ ಲಾರಿಗೆ. ಭಾವ ಶೆಡ್ಡಿನ ಕಡೆ ಒಮ್ಮೆ ನೋಡಿದರು. ಆಮೇಲೆ "ಆತು" ಎಂದರು. ಭಾವ ಒಮ್ಮೆ "ಆತು" ಅಂದರೆ ಮುಗಿಯಿತು, ಆಮೇಲೆ ಚೌಕಾಶಿ ಇಲ್ಲ. ಅದು ಅಕ್ಕನಿಗೂ ಗೊತ್ತು. ಬಸಣ್ಣ ಬಂದು ಟೇಪು ಹಿಡಿದು ಕಾರನ್ನು ಅಳತೆ ಮಾಡಿಕೊಂಡೇ ಹೋದ.

ಈಗ ಸ್ವಲ್ಪ ಊಟದ ವಿಷಯ ಹೇಳಬೇಕು. (ಎಂಜಿನ್ನಿನ ನಡುವೆ ಊಟ ಯಾಕೆ ಎನ್ನಬೇಡಿ, ಇಡೀ ಕತೆ ನಿಂತಿರುವುದೇ ಅಲ್ಲಿ.) ನಮ್ಮ ಕಡೆ ಮನೆಯೂಟದಲ್ಲಿ ಬಡಿಸುವವರು ನೆಂಟರಿಷ್ಟರೇ. ಶಾಲು ಸೊಂಟಕ್ಕೆ ಬಿಗಿದು ಪಾತ್ರೆ ಎತ್ತಿಕೊಂಡರೆ ಆಯಿತು. ಅದರಲ್ಲಿ ಭಾವನದು ಎತ್ತಿದ ಕೈ. ಎಲೆಯ ತುದಿ ಉಣ್ಣುವವರ ಎಡಕ್ಕೆ, ತುದಿಯಲ್ಲಿ ಉಪ್ಪು, ಪಕ್ಕದಲ್ಲಿ ಉಪ್ಪಿನಕಾಯಿ, ಆಮೇಲೆ ಚಟ್ನಿ, ಕೋಸಂಬರಿ, ಪಲ್ಯ. ಕಣ್ಣು ಮುಚ್ಚಿ ಬಿಟ್ಟರೂ ಅವರ ಕೈ ತಪ್ಪುವುದಿಲ್ಲ.

ಬಿಚ್ಚಿದ ಭಾಗಗಳನ್ನೂ ಅವರು ಅದೇ ಕ್ರಮದಲ್ಲಿ ಇಟ್ಟರು. ಬೆಂಚಿನ ಮೇಲೆ ಸಾಲಾಗಿ ಅಡಿಕೆ ಹಾಳೆಯ ತಟ್ಟೆಗಳು. ಎಂಜಿನ್ನಿನ ನಡುವೆ ಕ್ರ್ಯಾಂಕ್ ಶಾಫ್ಟ್ ಎಂಬ ಭಾರದ ಕಬ್ಬಿಣದ ದಂಡ ಮಲಗಿರುತ್ತದೆ. ಅದು ತಿರುಗಿದರೆ ಚಕ್ರ ತಿರುಗುತ್ತದೆ. ಅದನ್ನು ಅದರ ಜಾಗದಲ್ಲಿ ಹಿಡಿದಿಡುವುದು ಐದು ಕಬ್ಬಿಣದ ಕ್ಯಾಪುಗಳು. ನೋಡಲು ಐದೂ ಒಂದೇ ಥರ. ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಕೂತರೂ ಒಗ್ಗುವುದಿಲ್ಲ. ಉಪ್ಪಿನ ಜಾಗದಲ್ಲಿ ಒಂದನೇ ಕ್ಯಾಪು, ಉಪ್ಪಿನಕಾಯಿ ಜಾಗದಲ್ಲಿ ಎರಡನೆಯದು, ಹೀಗೆ ಪಲ್ಯದವರೆಗೆ.

ಒಂದು ಗುರುತು ಹಾಕಿ ಇಡಬಹುದಲ್ಲ ಎಂದೆ. ಭಾವ ನಕ್ಕರು. "ತಂಗೀ, ಎಲೆ ಗೊತ್ತಿದ್ದವಂಗೆ ನಂಬರು ಎಂತಕ್ಕೆ?"

ಕ್ಯಾಪುಗಳ ಒಳಗೆ ಕೂರುವ ಹೊಸ ಬೇರಿಂಗುಗಳು ಬಂದವು. ಭಾವನಿಗೆ ಅಷ್ಟರಲ್ಲಿ ಸೊಂಟ ಹಿಡಿದುಕೊಂಡಿತ್ತು. ಬೆಂಚಿನ ಎದುರು ಸ್ಟೂಲ್ ಹಾಕಿ ಕೂತು, ಉಪ್ಪಿನ ಜಾಗದಿಂದ ಒಂದೊಂದೇ ಕ್ಯಾಪು ಎತ್ತಿ ಕೂರಿಸುತ್ತ ಬಂದರು. ಎಣ್ಣೆ ಹಚ್ಚಿ, ಬೋಲ್ಟು ಬಿಗಿದು, ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿದರು. ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಬೇಕಂತೆ.

ತಿರುಗಲಿಲ್ಲ. ಕಲ್ಲು.

ಸಡಿಲಿಸಿದರು, ಮತ್ತೆ ಬಿಗಿದರು. ಊಹೂಂ. ಗ್ಯಾರೇಜಿನವರಿಗೆ ಫೋನಿನಲ್ಲಿ ಕೇಳಿದರೆ, ಕ್ರ್ಯಾಂಕೇ ಬೆಂಡ್ ಆಗಿರಬೇಕು, ಹುಬ್ಬಳ್ಳಿಗೆ ತನ್ನಿ ಎಂದರು. ಅಲ್ಲಿಗೆ ಹೋಗಿ ಬರುವಷ್ಟು ದಿನ ಎಲ್ಲಿದೆ? ಭಟ್ಟರು ಬರುವ ದಿನ ಹತ್ತಿರವಾಗಿತ್ತು. ಭಾವ ಶೆಡ್ಡಿನ ಬಾಗಿಲು ಎಳೆದು ಒಳಗೆ ಬಂದು ಕೈ ತೊಳೆದರು. ಬಸಣ್ಣನಿಗೆ ಫೋನ್ ಮಾಡಿ ಭಟ್ಟರು ಬರುವ ದಿನವೇ ಬಾ ಎಂದು ಭಾವನೇ ಹೇಳಿದರು. ಆ ಧ್ವನಿ ಕೇಳಿ ನನಗೆ ಮೊದಲ ಸಲ, ಇದು ಬರೀ ಕಾರಿನ ವಿಷಯವಲ್ಲ ಅನ್ನಿಸಿತು.

ಮರುದಿನ ಸಿದ್ದಾಪುರ ತಾಲೂಕಿನ ತ್ಯಾಗಲಿಯಲ್ಲಿ ನೆಂಟರ ಮನೆಯ ಸತ್ಯನಾರಾಯಣ ಪೂಜೆ. ಹೋದೆವು. ಭಾವ ಎಂದಿನಂತೆ ಶಾಲು ಬಿಗಿದು ಬಡಿಸಲು ನಿಂತರು. ಮುಖದಲ್ಲಿ ಕಳೆ ಇರಲಿಲ್ಲ, ಕೈ ಮಾತ್ರ ಅದರ ಪಾಡಿಗೆ ಅದು ಓಡುತ್ತಿತ್ತು. ಬಡಿಸಿದವರು ಉಣ್ಣುವುದು ಕೊನೆಯ ಪಂಕ್ತಿಯಲ್ಲಿ. ಆ ಪಂಕ್ತಿಗೆ ಬಡಿಸಲು ಹೆಂಗಸರು ನಾವು ನಿಂತೆವು.

ನಾನು ಉಪ್ಪು ಹಾಕಿ ಮುಂದೆ ಹೋದೆ. ಪಲ್ಯ ಹಿಡಿದು ತಿರುಗಿ ಬಂದರೆ ಭಾವ ಉಪ್ಪನ್ನೇ ನೋಡುತ್ತಾ ಕೂತಿದ್ದಾರೆ. ಬಲಗೈ ಎತ್ತಿ ನೋಡಿದರು. ಎಡಗೈ ನೋಡಿದರು. ಎದುರಿಗೆ ನಿಂತ ನನ್ನ ಕೈ ನೋಡಿದರು.

"ತಂಗೀ, ಉಪ್ಪನ್ನ ನೀನು ನಿನ್ನ ಯಾವ ಬದಿಗೆ ಹಾಕಿದ್ದೆ?"

"ಬಲಬದಿಗೆ, ಭಾವ."

"ಆನು ಕೂತಿದ್ದೆ. ನಂಗೆ ಅದು ಎಡಕ್ಕೆ ಇದ್ದು!"

ಪಕ್ಕದ ಎಲೆಯಲ್ಲಿ ಕೂತಿದ್ದ ಮನೆ ಯಜಮಾನರು ಗಾಬರಿಯಾದರು. "ಎಂತ ಶ್ರೀಪಾದ, ಉಪ್ಪು ಹೆಚ್ಚಾತ?"

"ಉಪ್ಪು ಸರೀ ಇದ್ದು ಮಾರಾಯ. ಆನೇ ತಪ್ಪಿದ್ದು."

ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಬಿಚ್ಚುವಾಗ ಭಾವ ಬೆಂಚಿನ ಮುಂದೆ ನಿಂತಿದ್ದರು. ನಿಂತ ಮೇಲೆ ಅವರ ಕೈ ಬಡಿಸುವವರ ಕೈ. ಎದುರು ಕೂತವರಿಗೆ ಹಾಕಿದ ಹಾಗೆ, ತಮ್ಮ ಬಲಬದಿಯಿಂದ ಶುರು ಮಾಡಿತ್ತು. ಜೋಡಿಸುವಾಗ ಅದೇ ಬೆಂಚು, ಅದೇ ಬದಿ, ಆದರೆ ಸ್ಟೂಲ್ ಮೇಲೆ ಕೂತಿದ್ದರು. ಕೂತ ಕೂಡಲೇ ಅದು ಉಣ್ಣುವವರ ಕೈಯಾಯಿತು. ಎಡಗಡೆಯದ್ದೇ ಉಪ್ಪು ಎಂದು ಅಲ್ಲಿಂದ ಎತ್ತಿತು. ಐದನೇ ಕ್ಯಾಪು ಒಂದನೆಯದರ ಜಾಗಕ್ಕೆ, ಒಂದನೆಯದು ಐದನೆಯದರ ಜಾಗಕ್ಕೆ. ಕ್ರ್ಯಾಂಕು ಪಾಪ ಹೇಗೆ ತಿರುಗೀತು?

ಈ ತಪ್ಪನ್ನು ಆ ವಿಡಿಯೋದ ಯಾವ ದೇಶದವನಾದರೂ ಮಾಡಲು ಸಾಧ್ಯವೆ?

ಎದ್ದು ಓಡೋಣವೆಂದರೆ ಪಂಕ್ತಿ. ಎಲ್ಲರದೂ ಮುಗಿಯದೆ ಏಳುವ ಹಾಗಿಲ್ಲ. ಅವತ್ತೇ ಯಜಮಾನರಿಗೆ ಉಪಚಾರದ ಹುಮ್ಮಸ್ಸು. "ಶ್ರೀಪಾದಂಗೆ ಇನ್ನೊಂದು ಹೋಳಿಗೆ ಹಾಕಿ, ಬೆಳಿಗ್ಗಿಂದ ದುಡಿದ್ದ." ಅತ್ತ ಒಬ್ಬ ಹಿರಿಯರು ಅನ್ನವನ್ನು ಅಗುಳು ಅಗುಳಾಗಿ ಉಣ್ಣುತ್ತಾ ಹಳೇ ಬಿಳಗಿ ಅರಸರ ಸುದ್ದಿ ತೆಗೆದರು. ಭಾವ ಕೂತಲ್ಲೇ ಚಡಪಡಿಸುತ್ತಿದ್ದರು. ಮಜ್ಜಿಗೆ ಬರುವವರೆಗೂ ಎಲೆಯ ಅಂಚಿನಲ್ಲಿ ಬೆರಳಾಡಿಸುತ್ತಾ ಅವರು ಏನನ್ನು ಜೋಡಿಸುತ್ತಿದ್ದರು ಎಂದು ಆ ಪಂಕ್ತಿಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಇನ್ನು ಮನೆಗೆ ಓಡಿ ಐದು ಕ್ಯಾಪು ಅದಲುಬದಲು ಮಾಡಿದರೆ ಮುಗಿಯಿತಲ್ಲ ಎಂದುಕೊಂಡಿದ್ದೆ. ಭಾವ ಹಾಗೆ ಮಾಡಲಿಲ್ಲ. ಎಲ್ಲವನ್ನೂ ಮತ್ತೆ ಬಿಚ್ಚಿದರು. ಒಂದೊಂದು ಬೇರಿಂಗನ್ನೂ ಅಂಗಡಿಯಿಂದ ತಂದ ಭೂತಗನ್ನಡಿ ಹಿಡಿದು ಗೀರು ಬಿದ್ದಿದೆಯೇ ಎಂದು ನೋಡಿದರು. ಎಂಜಿನ್ ಚಾಲೂ ಮಾಡಿರಲಿಲ್ಲವಾದ್ದರಿಂದ ಏನೂ ಆಗಿರಲಿಲ್ಲ. ಕ್ಯಾಪುಗಳ ಮೇಲೆ ಮೊಳೆಯಿಂದ ಚುಕ್ಕೆ ಕುಟ್ಟಿ ಗುರುತು ಹಾಕಿದರು. ಆಮೇಲೆ ಎಣ್ಣೆ, ಆಮೇಲೆ ಬೋಲ್ಟು. ನನ್ನನ್ನು ಕರೆದು "ತಿರುಗ್ಸಿ ನೋಡು" ಎಂದರು. ತಿರುಗಿಸಿದೆ. ಬೆಣ್ಣೆ ಎಂದಿದ್ದರಲ್ಲ, ಸುಳ್ಳಲ್ಲ. ಆಮೇಲಿನ ರಾತ್ರಿಗಳಲ್ಲಿ ಕಾವಲಿಯ ಮೇಲಿದ್ದ ಪಿಸ್ಟನ್ನಿನಿಂದ ಹಿಡಿದು ಉಳಿದದ್ದೆಲ್ಲ ಒಂದೊಂದಾಗಿ ಕಾರಿನ ಹೊಟ್ಟೆ ಸೇರಿತು.

ಭಟ್ಟರು ಬಂದ ದಿನ ಬಸಣ್ಣನ ಲಾರಿಯೂ ಬಂದು ಗೇಟಿನ ಎದುರು ನಿಂತಿತು. ಹಗ್ಗ ಇಳಿಸಿಕೊಂಡೇ ಕೇಳಿದ, "ಎತ್ತೂದೇನ್ರಿ ಸಾಹೇಬ್ರ?"

"ಒಂದ್ನಿಮಿಷ ನಿಲ್ಲೋ" ಎಂದು ಭಾವ ಕಾರಿನೊಳಗೆ ಇಳಿದರು. ಹೌದು, ಆ ಕಾರಿಗೆ ಹತ್ತುವುದಿಲ್ಲ, ಇಳಿಯುವುದೇ. ಕೀ ತಿರುಗಿಸಿದರು. ಗರ್ರ್ ಎಂದು ಸುಮ್ಮನಾಯಿತು. ಇನ್ನೊಮ್ಮೆ. ಕೆಮ್ಮಿತು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು. ಮತ್ತೊಮ್ಮೆ. ಭಟ್ಟರು ಮೂಗಿಗೆ ಶಾಲು ಹಿಡಿದರು. ಶೆಡ್ಡಿನ ತುಂಬ ಹೊಗೆ, ಹೊಗೆಯ ಒಳಗಿಂದ ಒಂದು ಹೂಂಕಾರ!

ಹಿಡಿಯಿತು. ನಿಲ್ಲಲಿಲ್ಲ. ಕೆಂಪು ಮೂತಿ ಮೆಲ್ಲಗೆ ಶೆಡ್ಡಿನಿಂದ ಹೊರಗೆ ಬಂದು ಬಿಸಿಲಿಗೆ ನಿಂತಿತು.

ಬಸಣ್ಣ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡ. "ನಮ್ಮ ಲಾರೀನೂ ಒಮ್ಮೆ ನೋಡ್ರಲ್ಲ ಸಾಹೇಬ್ರ, ಏರಿನ್ಯಾಗ ಭಾಳ ಅಳತೈತ್ರಿ." ಎಲ್ಲರೂ ನಕ್ಕರು. ಭಾವ ಎಂಜಿನ್ ನಿಲ್ಲಿಸಲು ಕೀಗೆ ಕೈ ಹಾಕಿದರು.

"ಬಂದ್ ಮಾಡಡಿ!" ಅಕ್ಕ ಬೇಡವೆಂದು ಕೈಯಾಡಿಸಿ ಕೂಗಿದಳು. ಗಡುವು ಹಾಕಿದ ಅದೇ ಅಕ್ಕ. "ಮತ್ತೆ ಶುರು ಆಗದಿದ್ರೆ ಎಂತ ಮಾಡ್ತ್ರಿ?"

"ಎಂತ ಮಾಡದು? ಮತ್ತೆ ಬಿಚ್ತೆ" ಎಂದು ಭಾವ ಕೀ ತಿರುಗಿಸಿ ಎಂಜಿನ್ ನಿಲ್ಲಿಸಿಯೇ ಬಿಟ್ಟರು.

ಮೊದಲ ಸಲ ಬಿಚ್ಚಿದ್ದನ್ನು ನಾವೆಲ್ಲ ಹುಚ್ಚು ಎಂದೆವು. ಎಲೆಯ ಉಪ್ಪು ನೋಡಿ ಬಂದು ಎರಡನೇ ಸಲ ಬಿಚ್ಚಿದ್ದಕ್ಕೆ ನೀವೇನು ಹೆಸರಿಡುತ್ತೀರಿ?