ಗೋಪನಕೊಪ್ಪಕ್ಕೆ ನೀರು ಬಂದ ದಿನ

ರಾಹೇಲ ಯೇಸುದಾಸ ಅವರ ಕೋಣೆಯ ಗೋಡೆಯ ಮೇಲೆ ಎರಡು ಪಟ್ಟಿಗಳಿವೆ. ಒಂದರಲ್ಲಿ ಪ್ರತಿ ಹುಡುಗಿ ನೂರು ಎಸೆತಕ್ಕೆ ಎಷ್ಟು ಬಾಸ್ಕೆಟ್ ಹಾಕಿದಳು ಎಂಬುದಿದೆ. ಇನ್ನೊಂದರಲ್ಲಿ ಯಾವ ಓಣಿಗೆ ಯಾವ ದಿನ ನಳದ ನೀರು ಬರುತ್ತದೆ ಎಂಬುದಿದೆ. ಧಾರವಾಡದ ಕಾಲೇಜೊಂದರ ಮಹಿಳಾ ಬಾಸ್ಕೆಟ್‌ಬಾಲ್ ತಂಡಕ್ಕೆ ಹನ್ನೆರಡು ವರ್ಷಗಳಿಂದ ಕೋಚ್ ಆಗಿರುವ ಅವರು ಮುಂಜಾನೆ ಮೊದಲು ನೋಡುವುದು ಎರಡನೆಯ ಪಟ್ಟಿಯನ್ನು. ನೀರಿನ ದಿನ ಹೆಣ್ಣುಮಕ್ಕಳು ಮನೆ ಬಿಟ್ಟು ಕದಲುವಂತಿಲ್ಲ. ಒಮ್ಮೆ ತಪ್ಪಿದರೆ ಮತ್ತೆ ಆರೋ ಎಂಟೋ ದಿನ.

ಈ ಪಟ್ಟಿ ಹುಟ್ಟಿದ್ದು 2003ರ ಒಂದು ಪಂದ್ಯದಿಂದ. ಆಗ ರಾಹೇಲ ಇದೇ ಕಾಲೇಜಿನ ಆಟಗಾರ್ತಿ. ಅಂತರಕಾಲೇಜು ಪಂದ್ಯದ ದಿನವೇ ಅವರ ಮನೆಯಿದ್ದ ಮಾಳಮಡ್ಡಿಗೆ ನೀರು ಬಂತು. ತಾಯಿಗೆ ಜ್ವರ. ಬ್ಯಾರಲ್ ತುಂಬಿಸಿ, ಸೈಕಲ್ ತುಳಿದು ಮೈದಾನ ತಲುಪಿದಾಗ ಹದಿನೇಳು ನಿಮಿಷ ತಡವಾಗಿತ್ತು. ಐದು ಮಂದಿ ಅಂಕಣದಲ್ಲಿ ನಿಲ್ಲಲು ನಿಯಮ ಕೊಡುವ ಸಮಯ ಹದಿನೈದು ನಿಮಿಷ. ನಿಂತಿದ್ದವರು ನಾಲ್ವರು. ಚೆಂಡು ಒಮ್ಮೆಯೂ ಪುಟಿಯದೆ ತಂಡ 0–20ರಿಂದ ಸೋತಿತೆಂದು ದಾಖಲಾಯಿತು. ಗೆಳತಿಯರು ಬೈಯದೆ ಚೀಲ ಎತ್ತಿಕೊಂಡು ಮನೆಗೆ ನಡೆದರು.

"ಬೈದಿದ್ರ ಹಗೂರ ಆಗ್ತಿತ್ತು," ಎಂದು ರಾಹೇಲ ಈಗಲೂ ಹೇಳುತ್ತಾರೆ.

ಕಳೆದ ವರ್ಷ ಅದೇ ಪರಿಸ್ಥಿತಿ ಮತ್ತೆ ಎದುರಾಯಿತು. ಅದರ ಹಿಂದಿನ ವರ್ಷ ಆಟಗಾರ್ತಿಯರು ಸಾಲದೆ ತಂಡ ಸ್ಪರ್ಧೆಗೆ ಹೋಗಿರಲಿಲ್ಲ. ಈ ಸಲವೂ ಅಂಕಣಕ್ಕಿಳಿಯದಿದ್ದರೆ ತಂಡವನ್ನೇ ನಿಲ್ಲಿಸುವುದಾಗಿ ಪ್ರಾಚಾರ್ಯರು ಹೇಳಿಬಿಟ್ಟಿದ್ದರು. ಇದ್ದವರು ಆರು ಹುಡುಗಿಯರು. ಪಂದ್ಯಕ್ಕೆ ಮೂರು ದಿನವಿರುವಾಗ ಒಬ್ಬಳ ಪಾದ ಉಳುಕಿತು. ಉಳಿದವರು ಸರಿಯಾಗಿ ಐವರು.

ಪಂದ್ಯದ ಹಿಂದಿನ ಸಂಜೆ, ಓಣಿಗಳಿಗೆ ನೀರು ಬಿಡುವ ಫಕೀರೇಶ ಫೋನ್ ಮಾಡಿದ.

"ಮೇಡಮ್ಮಾರ, ಪೈಪ್ ಒಡದೈತ್ರಿ. ಗೋಪನಕೊಪ್ಪಕ್ಕ ಇವತ್ತ ನೀರಿಲ್ಲ. ನಾಳಿ ಮುಂಜಾನಿ ಏಳಕ್ಕ ಬಿಡ್ತೇನ್ರಿ."

"ಏಳಂದ್ರ ಖರೇ ಏಳೇನಪಾ?"

"ಏಳಂದ್ರ ಎಂಟರ ಸುಮಾರ ಅಂತ ತಿಳ್ಕೋರಿ."

ಗೋಪನಕೊಪ್ಪದಲ್ಲಿದ್ದದ್ದು ಸ್ನೇಹಲ್, ತಂಡದಲ್ಲಿ ಚೆಂಡನ್ನು ಮುಂದಕ್ಕೆ ಒಯ್ಯುವವಳು. ತಾಯಿ ನರ್ಸ್, ಆ ವಾರ ಮುಂಜಾನೆಯ ಪಾಳಿ. ಮನೆಯಲ್ಲಿ ಉಳಿಯುವವರು ಮೊಣಕಾಲು ನೋವಿನ ಅಜ್ಜಿ ಗುಡ್ಡವ್ವ ಒಬ್ಬರೇ. ನಳ ಕೆಳಗೆ ಅಂಗಳದಲ್ಲಿ, ಮನೆ ಹದಿನೆಂಟು ಮೆಟ್ಟಿಲು ಮೇಲೆ. ಎರಡು ಬ್ಯಾರಲ್ ತುಂಬಲು ಇಪ್ಪತ್ತೆಂಟು ಕೊಡ ಬೇಕು.

ಮರುದಿನ ಆರೂವರೆಗೆ ಕೋಚ್ ಮತ್ತು ಐವರು ಹುಡುಗಿಯರು ಆ ಅಂಗಳದಲ್ಲಿದ್ದರು. ಮೂರು ಮೆಟ್ಟಿಲಿಗೊಬ್ಬರಂತೆ ಸಾಲಾಗಿ ನಿಂತವರನ್ನು ಗುಡ್ಡವ್ವ ಕಟ್ಟೆಯ ಮೇಲೆ ಕುಳಿತು ನೋಡಿದರು.

"ಚೆಂಡ ಆಡವ್ರು ಅಂತ ಕೇಳಿದ್ದೆ. ಕೊಡಾ ಆಡಾಕ ಬಂದೀರಲ್ಲವಾ."

"ಎರಡೂ ಒಂದರೀ ಆಯಿ," ಎಂದಳು ನಾಯಕಿ ಮುಸರತ. "ಕೈಯಾಗಿಂದ ಬಿದ್ರ ಮೇಡಂ ಬಿಡೂದಿಲ್ಲ."

ನೀರು ಬಂದದ್ದು ಎಂಟೂ ಇಪ್ಪತ್ತಕ್ಕೆ, ಅದೂ ಸಣ್ಣ ಧಾರೆ. ಒಂದು ಕೊಡಕ್ಕೆ ಎರಡೂವರೆ ನಿಮಿಷ. ಪಂದ್ಯ ಹತ್ತಕ್ಕೆ, ಧಾರವಾಡದಲ್ಲಿ. ಆಟೋ, ಆಮೇಲೆ ಅವಳಿ ನಗರಗಳ ನಡುವೆ ಓಡುವ ಚಿಗರಿ ಬಸ್ಸು ಎಂದರೆ ಒಂದು ತಾಸು ಹತ್ತು ನಿಮಿಷ. ಎಂಟೂ ಐವತ್ತಕ್ಕೆ ಹನ್ನೆರಡು ಕೊಡಗಳಾಗಿದ್ದವು.

"ಒಂದ ಬ್ಯಾರಲ್ ತುಂಬಾಕ ಬಂತಲ್ಲ, ಸಾಕು," ಎಂದರು ಗುಡ್ಡವ್ವ. "ಹೋಗ್ರಿ ನೀವು. ಹ್ಯಾಂಗರ ಮಾಡ್ತೇವಿ."

ರಾಹೇಲ ತಂತ್ರ ಬರೆಯುವ ಪುಟ್ಟ ಹಲಗೆಯನ್ನು ಚೀಲದಿಂದ ತೆಗೆದು ಮುಸರತಳ ಕೈಗಿಟ್ಟರು.

"ನೀವೆಲ್ಲಾ ಹೋಗ್ರಿ. ನಾ ತುಂಬಿ ಬರ್ತೇನಿ."

"ನೀವಿಲ್ಲದ ಹ್ಯಾಂಗ್ರಿ ಮೇಡಂ?"

"ಆಡಾಕ ಐದು ಮಂದಿ ಬೇಕು. ಕೋಚ್ ಇರಲಿಲ್ಲಂದ್ರ ನಾಯಕಿ ನಡಸಬಹುದು, ನಿಯಮದಾಗ ಐತಿ. ಲಗೂ ನಡೀರಿ."

ಸ್ನೇಹಲ್ ಮಾತ್ರ ಮೆಟ್ಟಿಲ ಮೇಲೆಯೇ ನಿಂತಿದ್ದಳು. "ನಮ್ಮನಿ ನೀರ್ರಿ ಅದು."

"ನನಗೂ ಕೊಡಾ ಹೊರಾಕ ಬರ್ತೈತವಾ. ಮಾಳಮಡ್ಡ್ಯಾಗ ಕಲ್ತೇನಿ. ನಡಿ."

ಉಳಿದ ಹದಿನಾರು ಕೊಡಗಳ ಹೊತ್ತಿಗೆ ಧಾರೆ ಇನ್ನೂ ಸಣ್ಣದಾಯಿತು. ಗುಡ್ಡವ್ವ ನಳದ ಬಳಿ ಕುಳಿತು, ತುಂಬಿದ ಕೊಡ ಸರಿಸಿ ಖಾಲಿ ಕೊಡ ಇಡುತ್ತಿದ್ದರು. ರಾಹೇಲ ಹೊತ್ತರು. ಕೊನೆಯ ಕೊಡ ಮೇಲೇರಿದಾಗ ಹತ್ತು ಗಂಟೆ. ಫೋನು ಕೈಯಲ್ಲೇ ಇತ್ತು. ಹತ್ತೂ ಐದಕ್ಕೆ, ಪಾದ ಉಳುಕಿ ಅಂಕಣದ ಹೊರಗೆ ಕುಳಿತಿದ್ದ ಹುಡುಗಿಯಿಂದ ಸಂದೇಶ ಬಂತು: 'ಐದೂ ಮಂದಿ ನಿಂತಾರ್ರಿ.'

ರಾಹೇಲ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಗುಡ್ಡವ್ವ ತಮ್ಮ ಸೆರಗನ್ನು ಮುಖ ಒರೆಸಿಕೊಳ್ಳಲು ಚಾಚಿದರು.

ಅವರು ಮೈದಾನ ತಲುಪಿದಾಗ ಪಂದ್ಯದಲ್ಲಿ ಉಳಿದದ್ದು ಮೂರು ನಿಮಿಷ. ಟೈಮ್‌ಔಟ್ ನಡೆದಿತ್ತು. ತಂಡ ಎರಡು ಅಂಕ ಹಿಂದಿತ್ತು. ರಾಹೇಲ ಹಲಗೆಗೆ ಕೈ ಚಾಚಿದರು. ಮುಸರತ ಅದರ ಮೇಲೆ ಗೆರೆ ಎಳೆಯುತ್ತಲೇ ಹೇಳಿದಳು: "ಕುಂದರ್ರಿ ಮೇಡಂ. ಹೇಳಾಕತ್ತೇನಿ."

ಅವರು ಬೆಂಚಿನ ತುದಿಯಲ್ಲಿ, ಒದ್ದೆ ಪ್ಯಾಂಟಿನಲ್ಲೇ ಕುಳಿತರು.

ತಂಡ 38–41ರಿಂದ ಸೋತಿತು. ಅಂಕಪಟ್ಟಿಯ ಪ್ರತಿಯಲ್ಲಿ ಐದು ಹೆಸರುಗಳನ್ನು ನೋಡಿದ ಪ್ರಾಚಾರ್ಯರು, ಮುಂದಿನ ವರ್ಷದ ತಂಡಕ್ಕೆ ಸಹಿ ಹಾಕಿದರು.

ಮರುದಿನದ ಅಭ್ಯಾಸ ಆರಕ್ಕೆ ಬದಲು ಏಳೂವರೆಗೆ ನಡೆಯಿತು. ಅಮರಗೋಳಕ್ಕೆ ನೀರಿತ್ತು, ಮುಸರತಳ ಮನೆ ಇರುವುದು ಅಲ್ಲಿ.